ಮಜ್ಜೆಯ ಪರೀಕ್ಷೆ ಮತ್ತು ಅಮರಗೋಳದ ಹಮಾಲರು

ವೈದ್ಯವಿದ್ಯೆ ಬೆಳೆದದ್ದೆಲ್ಲ ಕರುಣೆಯಿಂದ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರ ಸೊಂಟದ ಎಲುಬಿಗೆ ಯಾರೂ ಸೂಜಿ ತಿರುವಿರಲಿಕ್ಕಿಲ್ಲ.

ತೊಂಬತ್ತರ ದಶಕದ ನಡುವೆ ಹುಬ್ಬಳ್ಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ರಕ್ತ ಪರೀಕ್ಷಿಸುವ ಡಾಕ್ಟರನಾಗಿದ್ದೆ. ಎಲುಬಿನೊಳಗಿನ ಮಜ್ಜೆ ನೋಡಬೇಕಾದರೆ ಅಲ್ಲಿಯವರೆಗೆ ರೋಗಿಯನ್ನು ಮಿರಜಿನ ದೊಡ್ಡಾಸ್ಪತ್ರೆಗೆ ಅಟ್ಟುತ್ತಿದ್ದರು. ಇನ್ನು ನಮ್ಮಲ್ಲೇ, ವಾರಕ್ಕೆರಡು ದಿನ, ಎಂದು ಘೋಷಿಸಿದೆ. ಮೊದಲನೆಯವಳು ನನ್ನ ಮಣಿಕಟ್ಟು ಕಚ್ಚಿದಳು. ಎರಡನೆಯವನು ಒದ್ದ ಹೊಡೆತಕ್ಕೆ ಸಾಮಾನಿನ ಟ್ರೇ ಕಿಟಕಿಯ ಗಾಜೊಡೆದು ರಸ್ತೆಗೆ ಬಿತ್ತು.

ಮೂರನೆಯವನು ಅಮರಗೋಳದ ಮಾರ್ಕೆಟ್ಟಿನ ಹಮಾಲ. ಮೈಯಲ್ಲಿ ರಕ್ತವೇ ಇಲ್ಲದಂತೆ ಬಿಳಿಚಿದ್ದ. ರಕ್ತದ ಕ್ಯಾನ್ಸರ್ ಇರಬೇಕೆಂದು ಹಿಂದಿನ ಡಾಕ್ಟರು ಹೇಳಿಬಿಟ್ಟಿದ್ದರು. ಮಿರಜಿನವರೆಗೆ ಹೋಗುವ ತ್ರಾಣ ಉಳಿದಿರಲಿಲ್ಲ. ಅವನ ಜೊತೆಯ ಹಮಾಲರು ನಾಲ್ವರು ಬಂದಿದ್ದರು. ಗಟ್ಟಿಯಾಗಿ ಹಿಡಿಯಿರಿ ಎಂದೆ, ಹಿಡಿದರು. ನಾನು ಮಂಚ ಹತ್ತಿ, ಮೊಣಕಾಲೂರಿ, ಬಡಗಿಯ ಬೈರಿಗೆಯಂತೆ ಸೂಜಿ ತಿರುವಿದೆ. ಎಲುಬು ಕಟಕಟ ಎಂದಿತು. ಸಿರಿಂಜಿನಿಂದ ಮಜ್ಜೆ ಎಳೆಯುವ ನೋವಿಗೆ ಯಾವ ಮರಗಟ್ಟಿಸುವ ಔಷಧವೂ ತಾಗುವುದಿಲ್ಲ. ಎಳೆದೆ. ಅವನು ಚೀರಿದ.

ಹಮಾಲರಲ್ಲಿ ಒಂದು ಕಾಯಿದೆ ಇದೆಯೆಂದು ಆಗ ತಿಳಿಯಿತು. ಭಾರದ ಕೆಳಗಿನವನು ಚೀರಿದರೆ, ಕಾರಣ ಕೇಳದೆ ಮೇಲಿನ ಚೀಲವನ್ನು ಎತ್ತಿ ಒಗೆಯಬೇಕು. ಅವನ ಮೇಲಿದ್ದ ಚೀಲ ನಾನು. ಎತ್ತಿದರು, ಒಗೆದರು. ಔಷಧದ ಕಪಾಟಿನ ಗಾಜು ನನ್ನ ತಲೆಗೆ, ತಲೆ ಗೋಡೆಗೆ. ಅವರಲ್ಲೊಬ್ಬ, ಇದೂ ಇರಲಿ ಎಂದು, ನನ್ನ ಎಡಗಣ್ಣಿಗೂ ಗುದ್ದಿದ. ಸಿರಿಂಜು ಒಡೆದು ರೋಗಿಯ ಮಜ್ಜೆ ನೆಲದ ಮೇಲೆ ನನ್ನ ರಕ್ತದೊಡನೆ ಬೆರೆಯಿತು. ಸೂಜಿ ಮಾತ್ರ ಎಲುಬಿನಲ್ಲಿ ನೆಟ್ಟಗೆ ನಿಂತಿತ್ತು.

"ಪೆಟ್ಟಾತೇನ್ರಿ ಸಾಹೇಬ್ರ?" ಎಂದ ಅವರಲ್ಲಿ ಹಿರಿಯ, ಬಹಳ ಮರ್ಯಾದೆಯಿಂದ. "ಅಂವ ಒದರಿದ್ನಲ್ರಿ. ನಮ್ಮೊಳಗ ಹಂಗ ಐತ್ರಿ."

ಇನ್ನೊಮ್ಮೆ ಎಳೆಯಬೇಕೆಂದೆ. ನಾಲ್ವರೂ ಮಂಚಕ್ಕೆ ಅಡ್ಡ ನಿಂತರು. ಆಗ ಬೋರಲು ಮಲಗಿದ್ದ ರೋಗಿಯೇ ಹೇಳಿದ:

"ಕಾಕಾ, ಸಾಯ್ತೇನೋ ಬದಕ್ತೇನೋ ಗೊತ್ತರ ಆಗ್ಲಿ. ನಾ ಒದರಾಂವನ. ಒದರಿದ್ರೂ ಡಾಕ್ಟರನ್ನ ಎತ್ತಬ್ಯಾಡ್ರಿ."

ಒದರಿದ. ಅವರು ಎತ್ತಲಿಲ್ಲ. ಹಿರಿಯ ಮಾತ್ರ ತಡೆಯಲಾರದೆ ಗೋಡೆಗೆ ಗುದ್ದಿ ಎರಡು ಬೆರಳು ಮುರಿದುಕೊಂಡ.

ಮಜ್ಜೆಯನ್ನು ಗಾಜಿನ ಪಟ್ಟಿಗೆ ಬಳಿದು ಬಣ್ಣ ಹಾಕಿದೆ. ನನ್ನ ಒಂದು ಕಣ್ಣು ಮುಚ್ಚಿಹೋಗಿತ್ತು. ನಮ್ಮ ಮೈಕ್ರೋಸ್ಕೋಪೂ ಒಂಟಿಗಣ್ಣಿನದೇ ಆದ್ದರಿಂದ ಶಾಸ್ತ್ರಕ್ಕೆ ಬಾಧಕವಾಗಲಿಲ್ಲ.

ಮರುವಾರದಿಂದ ಪರೀಕ್ಷೆ ತಪ್ಪದೆ ನಡೆಯಿತು. ರೋಗಿಯ ಕಡೆಯವರನ್ನು ಬಾಗಿಲಾಚೆ ಕೂರಿಸಿದೆವು. ಹಮಾಲನಿಗೆ ಕ್ಯಾನ್ಸರ್ ಇರಲಿಲ್ಲ. ಬಿ ಹನ್ನೆರಡು ಜೀವಸತ್ವ ಕಡಿಮೆಯಾಗಿತ್ತು. ಇಂಜೆಕ್ಷನ್ ಕೊಟ್ಟೆವು, ಬದುಕಿದ.