ಅಷ್ಟಮಿ ಮುರಿದ ಸಮುದ್ರ

ಖಾನಾಪುರದ ಕಾಲೇಜಿನಲ್ಲಿ ಅವತ್ತು ನನ್ನ ಭಾಷಣವಿತ್ತು. ಸಮುದ್ರವನ್ನೇ ನೋಡದ ಹುಡುಗರಿಗೆ, ಅದರ ನೀರಿನ ಹರಿವು ಅಳೆಯುವ ನನ್ನ ಕೆಲಸ ಹೇಗೆ ತಿಳಿಸುವುದೋ ಹೊಳೆದಿರಲಿಲ್ಲ. ಬೆಳಗಾವಿಯಲ್ಲಿ ರೈಲು ಹತ್ತಿ ಬುತ್ತಿ ಬಿಚ್ಚಿದೆ. ಎದುರಿಗೆ ಕೂತ ಅಜ್ಜಿಗೆ ಮೆಂತ್ಯೆ ಪಲ್ಯೆ ಕೊಡಲು ಹೋದೆ.

"ನಾವು ಜೈನರು ತಮ್ಮಾ. ಇವತ್ತ ಅಷ್ಟಮಿ, ಹಸರ ಪಲ್ಯೆ ಮುಟ್ಟೂದಿಲ್ಲ."

ಮುಜುಗರವಾಯಿತು. "ಸಮುದ್ರಾನೂ ಅಷ್ಟಮಿ ಮಾಡ್ತೈತ್ರಿ, ಆಗ ಭರತ-ಇಳಿತದ ಜೋರು ಕಡಿಮಿ" ಅಂದುಬಿಟ್ಟೆ.

"ಖರೇ? ತೋರಸು ನೋಡೂಣು."

ಲ್ಯಾಪ್‌ಟಾಪ್ ತಿರುಗಿಸಿ, ಸಮುದ್ರದ ನೀರು ದಿನಾ ಎಷ್ಟು ಜೋರಾಗಿ ಹರಿಯಿತೆಂದು ತೋರಿಸುವ, ಹುಣ್ಣಿಮೆ-ಅಮಾವಾಸ್ಯೆ ಗುರುತು ಹಾಕಿದ ಗೆರೆಯನ್ನು ಮುಂದಿಟ್ಟೆ. ಅಜ್ಜಿ ಅದರ ಮೇಲೆ ಬೆರಳಾಡಿಸುತ್ತ ಹೋದರು. "ಹುಣ್ಣಿವಿಗೆ ಏರೇತಿ, ಅಷ್ಟಮಿಗೆ ಇಳದೇತಿ, ಅಮಾಸಿಗೆ ಮತ್ತ ಏರೇತಿ..." ಒಂದು ಕಡೆ ಬೆರಳು ನಿಂತಿತು. "ಇದೂ ಅಷ್ಟಮೀನ ಅಲ್ಲ? ಮತ್ಯಾಕ ಇಷ್ಟ ಜಿಗದೇತಿ? ಇಲ್ಲಿ ಅಷ್ಟಮಿ ಮುರದವರು ಯಾರು?"

ನಾನು ದಂಗಾದೆ. ನೀರಿನ ಹರಿವಿನಲ್ಲಿ ಚಂದ್ರನ ಸೆಳೆತದ ಪಾಲನ್ನು ಕಳೆದು, ಅವನ ಮಾತು ಕೇಳದೆ ಹರಿದದ್ದು ಎಷ್ಟು ಅಂತ ಹುಡುಕುವುದೇ ನನ್ನ ಕೆಲಸ. ಆಫೀಸಿಗೆ ಹೊಸದಾಗಿ ಬಂದವರಿಗೆ ಇಷ್ಟು ತಿಳಿಸಲು ನನಗೆ ಅರ್ಧ ದಿನ ಹಿಡಿಯುತ್ತದೆ. ಇವರು ಮುಂದಿನ ಸ್ಟೇಷನ್ ದೇಸೂರ ಬರುವುದರೊಳಗೆ ಹಿಡಿದಿದ್ದರು.

"ಅದು ಗಾಳಿ ಕೆಲಸ ಅಜ್ಜೀ" ಅಂದೆ.

ಅವರ ಊರು ಬಂತು. ಚೀಲ ಎತ್ತಿಕೊಂಡು, "ಹೋಗ್ಲಿ ಬಿಡು, ಗಾಳಿಗೇನ ತಿಥಿ ಗೊತ್ತಿರತೈತಿ? ಮಾಫ್ ಮಾಡು" ಎನ್ನುತ್ತ ಇಳಿದುಹೋದರು.

ಭಾಷಣಕ್ಕೆ ಅಷ್ಟಮಿಯಿಂದಲೇ ಶುರು ಹಚ್ಚಿದೆ. ಗಾಳಿಯನ್ನು ಮಾತ್ರ ಮಾಫ್ ಮಾಡಲಿಲ್ಲ. ಮಾಡಿದರೆ ನನ್ನ ನೌಕರಿ ಏನಾಗಬೇಕು?