ಮ್ಯಾನೇಜರ್ ಅಳತೆಯ ಪ್ಯಾಂಟು

ಹೇಳಿದರೆ ನೀವು ನಂಬುವುದಿಲ್ಲ. ಬದುಕಿರುವ ಮನುಷ್ಯನೊಬ್ಬನ ಪ್ರತಿಕೃತಿಯನ್ನು, ನಮ್ಮ ಕಡೆಯ ಮಾತಿನಲ್ಲಿ ದಿಷ್ಟಿಬೊಮ್ಮವನ್ನು, ಸುಡಲು ಹೊರಟಿದ್ದ ನಾವು, ಆ ಬೊಮ್ಮಕ್ಕೆ ಅವನ ಅಳತೆಗೇ ಸರಿಯಾಗಿ ಹೊಸ ಜೀನ್ಸ್ ಪ್ಯಾಂಟು ಹೊಲಿಸಿದ್ದೆವು. ಬೆಲ್ಟಿಗೆ ಐದು ಲೂಪು, ಎರಡೆಳೆ ಹೊಲಿಗೆ, ಜೇಬಿನ ಮೂಲೆಗೆ ತಾಮ್ರದ ರಿವಿಟ್ ಕೂಡ. ರಾಯದುರ್ಗದವರಿಗೆ ಬೇರೆ ರೀತಿ ಬರುವುದಿಲ್ಲ. ಬೆಂಕಿಗೆ ಹಾಕುವ ಬಟ್ಟೆಯಾದರೂ ಹೊಲಿಗೆ ಸೊಟ್ಟಗಿದ್ದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಇದನ್ನೆಲ್ಲ ನಾನು ಮರೆತಿದ್ದೆ, ಅಥವಾ ಮರೆತಂತೆ ಬದುಕಿದ್ದೆ. ಹೋದ ತಿಂಗಳು ಮಗನಿಗೆ ಪ್ಯಾಂಟು ಕೊಡಿಸಲು ಅಂಗಡಿಗೆ ಹೋದಾಗ, ಅಲ್ಲಿಯ ಹುಡುಗ ಒಂದನ್ನು ಕೊಡವಿ ಗಾಜಿನ ಮೇಲೆ ಹರಡಿದ. ಗಂಜಿಯದೂ ನೀಲಿಯದೂ ಸೇರಿದ ಆ ಹಸಿ ವಾಸನೆ ಮೂಗಿಗೆ ಬಡಿಯಿತು. ತೊಡೆಯ ಹತ್ತಿರ ಬಟ್ಟೆ ಬಿಳಿಚಿಕೊಂಡ ಕಡೆ ಬೆರಳಿಟ್ಟು, "ಹಳೇದರ ತರ ಕಾಣ್ಲಿ ಅಂತ ಕೈಯಲ್ಲೇ ಉಜ್ಜಿದ್ದು ಮೇಡಂ, ಇದಕ್ಕೇ ಡಿಮ್ಯಾಂಡು" ಎಂದ. ನಾನು ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಮಗ ಮುಖ ಊದಿಸಿಕೊಂಡು ಹಿಂದೆ ಬಂದ.

ನಮ್ಮ ಮನೆ ರಾಯದುರ್ಗದಲ್ಲಿ ಬೆಟ್ಟದ ಬುಡದ ಓಣಿಯಲ್ಲಿತ್ತು. ಈಗ ಅಲ್ಲಿ ಮೂರು ಅಂತಸ್ತಿನ ಗೋದಾಮು ನಿಂತಿದೆ. ಬಚ್ಚಲ ಕಲ್ಲು ಎಲ್ಲಿತ್ತು ಎಂದು ತೋರಿಸಲೂ ನನ್ನಿಂದ ಆಗುವುದಿಲ್ಲ. ಅಪ್ಪ ಬಳ್ಳಾರಿಯಲ್ಲಿ ಹೊಲಿಗೆ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆ ನಡೆಸುತ್ತಿದ್ದವಳು ಅವ್ವ. ಹೊಲಿದ ಪ್ಯಾಂಟುಗಳ ಬಂಡಲ್ಲುಗಳು ಬೆಳಿಗ್ಗೆಯೇ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿದ್ದವು. ಓಣಿಯ ಹೆಂಗಸರು ಗೋಡೆಗೊರಗಿ ಕೂತು, ಪುಟ್ಟ ಕಟ್ಟರ್ ಹಿಡಿದು, ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಿದ್ದರು. ಸಂಜೆಯ ಹೊತ್ತಿಗೆ ಅಂಗಳದ ತುಂಬ ಹಳದಿ ದಾರದ ಹುಲ್ಲು ಬೆಳೆದಿರುತ್ತಿತ್ತು. ಆ ದಾರ ನಮ್ಮ ಅನ್ನದಲ್ಲಿ ಸಿಗುತ್ತಿತ್ತು, ಜಡೆಯಲ್ಲಿ ಸಿಗುತ್ತಿತ್ತು, ಒಮ್ಮೆ ಬೇಯಿಸಿದ ಮೊಟ್ಟೆ ಸುಲಿದಾಗ ಅದರೊಳಗೂ ಸಿಕ್ಕಿತ್ತು. ನಮ್ಮ ಬೆಕ್ಕು ಹುಟ್ಟಿದಾಗ ಬಿಳಿ, ಎರಡು ವರ್ಷಕ್ಕೆ ನೀಲಿ. ಮೊಟ್ಟೆಯ ಮಾತು ಸುಳ್ಳು, ಬೆಕ್ಕಿನದು ನಿಜ. ಹತ್ತನೇ ತರಗತಿಯಲ್ಲಿದ್ದ ನಾನು ಶಾಲೆಯಿಂದ ಬಂದ ಮೇಲೆ ಆ ಹೆಂಗಸರ ನಡುವೆ ಕೂರುತ್ತಿದ್ದೆ. ನಾನು ಕತ್ತರಿಸುವ ದಾರಕ್ಕಿಂತ ಆಡುವ ಮಾತು ಹೆಚ್ಚು. ಯಾರ ನಡಿಗೆಯನ್ನಾದರೂ ನಡೆದು ತೋರಿಸುತ್ತಿದ್ದೆ, ಯಾರ ದನಿಯನ್ನಾದರೂ ಎತ್ತಿಕೊಳ್ಳುತ್ತಿದ್ದೆ. "ರೇಣಿ ಇಲ್ದಿದ್ರ ನಮ್ ಸೊಂಟ ಮುರ್ದು ಹೋಗ್ತಿತ್ತು ನೋಡ್ರಬೇ" ಎಂದು ಪಕ್ಕದ ಮನೆಯ ಹುಸೇನಮ್ಮ ಹೇಳಿದಾಗ ನನ್ನ ತಲೆ ಬೆಟ್ಟದ ಕೋಟೆಗೆ ಮುಟ್ಟುತ್ತಿತ್ತು.

ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದವನು ಹನುಮಂತರಾಯಪ್ಪ. ಮಡಕಶಿರಾ ಕಡೆಯವನು, ರತ್ನಗಿರಿ ಕೋಟೆಯ ಬುಡದಲ್ಲಿ ಅವನ ಊರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ಅಣ್ಣನಿಗೆ ಬಿಟ್ಟು ಜೀನ್ಸ್ ಕೆಲಸ ಹುಡುಕಿಕೊಂಡು ಬಂದಿದ್ದ. ಹೊಸ ಪ್ಯಾಂಟನ್ನು ಹಲಗೆಗೆ ತೊಡಿಸಿ, ತೊಡೆ ಮೊಣಕಾಲುಗಳ ಮೇಲೆ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಹಳೆಯದು ಮಾಡುವುದು ಅವನ ಕೆಲಸ. ಸಂಜೆ ಬರುವಾಗ ರೆಪ್ಪೆಗೂದಲಿನ ಮೇಲೂ ನೀಲಿ ದೂಳು ಕೂತಿರುತ್ತಿತ್ತು. ಬಿದಿರು ಗಳಕ್ಕೆ ಅಂಗಿ ಹಾಕಿದ ಹಾಗಿದ್ದ. ಸೊಂಟ ಮೂವತ್ತು, ಉದ್ದ ನಲವತ್ತೆರಡು. ಆ ಅಳತೆಯ ಪ್ಯಾಂಟು ಯಾವ ಬಂಡಲ್ಲಿನಲ್ಲೂ ಬರುತ್ತಿರಲಿಲ್ಲವಾದ್ದರಿಂದ ಟೈಲರ್ ಬಾಷಾ ಅಣ್ಣ ಅವನಿಗೆಂದೇ ರಟ್ಟಿನ ನಮೂನೆ ಕತ್ತರಿಸಿ ತನ್ನ ಮೆಷಿನ್ನಿನ ಮೇಲಿನ ಮೊಳೆಗೆ ನೇತುಹಾಕಿದ್ದ. ಹಾಸ್ಟೆಲಿನಲ್ಲಿ ಓದುವಾಗ ಕಲಿತ ಫುಟ್‌ಬಾಲನ್ನು ಹನುಮಂತರಾಯಪ್ಪ ನಮ್ಮ ಊರಿನ ಟೈಲರ್ ಹುಡುಗರಿಗೆ ಕಲಿಸಿ ಒಂದು ತಂಡ ಕಟ್ಟಿದ. ಯಾರು ಎಲ್ಲಿ ನಿಲ್ಲಬೇಕು, ಯಾರು ನಿಂಬೆಹಣ್ಣು ತರಬೇಕು, ಯಾವ ಬಸ್ಸಿಗೆ ಹೋಗಬೇಕು, ಎಲ್ಲ ಅವನೇ. ಹಾಗಾಗಿ ಊರಿಗೆಲ್ಲ ಅವನು ಮ್ಯಾನೇಜರ್, ನನಗೆ ಮ್ಯಾನೇಜರ್ ಮಾಮ. "ನಮ್ಮೂರ ಕೋಟೆ ಮೂರು ಸಲ ಹತ್ತಿ ಇಳುದ್ರೆ ದಮ್ಮು ತಾನಾಗೇ ಬತ್ತದೆ ಕಣ್ರ್‌ಲಾ, ನಾನು ದಿನಾ ಹತ್ತುತಿದ್ದೆ" ಎಂದು ಹುಡುಗರನ್ನು ಓಡಿಸುತ್ತಿದ್ದ.

ಆ ತಂಡವನ್ನು ನೀವು ನೋಡಬೇಕಿತ್ತು. ಚಡ್ಡಿಗೆ ಬೇರೆ ಬಟ್ಟೆ ಯಾರು ತರುತ್ತಾರೆ? ಹನ್ನೊಂದು ಜನಕ್ಕೂ ಜೀನ್ಸಿನ ಚಡ್ಡಿ. ಬೆವರು ಹತ್ತಿದರೆ ಬಣ್ಣ ಬಿಟ್ಟು ತೊಡೆಯಿಂದ ಪಾದದವರೆಗೂ ನೀಲಿ ಹೊಳೆ ಹರಿಯುತ್ತಿತ್ತು. ಬೇರೆ ಊರಿನವರು "ನೀಲಿಗಾಲು ಬಂದ್ವು" ಎಂದು ಹೀಯಾಳಿಸಿದರು. ನಾವು ಅದನ್ನೇ ಹೆಸರು ಮಾಡಿಕೊಂಡೆವು. ಆ ವರ್ಷ ಭಾನುವಾರದ ಪಂದ್ಯಗಳಲ್ಲಿ ನೀಲಿಗಾಲಿನವರು ಸಾಲಾಗಿ ನಾಲ್ಕು ಗೆದ್ದಿದ್ದರು. ಹುಸೇನಮ್ಮ ಜನ್ಮದಲ್ಲೇ ಚೆಂಡು ಮುಟ್ಟಿದವಳಲ್ಲ, ಅವಳು ಕೂಡ ಕಟ್ಟರ್ ತೋರಿಸಿ "ಆ ಹುಡುಗನ್ನ ಎಡಗಡಿ ನಿಂದ್ರುಸ್ರಿ ಮ್ಯಾನೇಜರ್ರ" ಎಂದು ಸಲಹೆ ಕೊಡುತ್ತಿದ್ದಳು. "ಆಗ್ಲಿ ಕಣಕ್ಕಯ್ಯ" ಎಂದು ಅವನು ನಿಜವಾಗಿ ಯೋಚಿಸುವವನಂತೆ ತಲೆಯಾಡಿಸುತ್ತಿದ್ದ.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಹುಡುಗರನ್ನು ಕರೆಯಲು ಸೀಟಿ ಬಾಯಿಗಿಟ್ಟರೆ, ಅದು ಜೋರಾಗಿ ಶುರುವಾಗಿ ಅರ್ಧಕ್ಕೇ ಗಾಳಿ ಹೋದ ಸೈಕಲ್ ಟ್ಯೂಬಿನಂತೆ ನಿಂತುಬಿಡುತ್ತಿತ್ತು. ಅಂಥದ್ದು ನನ್ನ ಕಣ್ಣಿಗೆ ಬಿದ್ದರೆ ಬಿಡುತ್ತೇನೆಯೇ? ಒಂದು ಸಂಜೆ ಅಂಗಳದಲ್ಲಿ ಎದ್ದು ನಿಂತು, ಕಟ್ಟರನ್ನೇ ಸೀಟಿಯಂತೆ ತುಟಿಗಿಟ್ಟು, "ಪ್ರೀ… ಪುಸ್ಸ್" ಎಂದೆ. ಸೊಂಟಕ್ಕೆ ಕೈಯಿಟ್ಟು ಬಾಗಿ, ಅವನದೇ ದನಿಯಲ್ಲಿ "ಓಡ್ರ್‌ಲಾ… ನನ್ ಪಾಲಿಂದೂ… ಒಸಿ… ನೀವೇ ಓಡ್ರ್‌ಲಾ" ಎಂದು ಏದುಸಿರು ಬಿಟ್ಟೆ. ಹೆಂಗಸರು ಬಂಡಲ್ಲುಗಳ ಮೇಲೆ ಬಿದ್ದು ಬಿದ್ದು ನಕ್ಕರು. ಹುಸೇನಮ್ಮನ ಕಣ್ಣಲ್ಲಿ ನೀರು. ನಾನು ಇನ್ನೊಮ್ಮೆ ಮಾಡಿದೆ, ಈ ಸಲ ಕೆಮ್ಮನ್ನೂ ಸೇರಿಸಿದೆ. ಆಗ ನಗು ಒಂದೊಂದಾಗಿ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮ್ಯಾನೇಜರ್ ಮಾಮ, ರೆಪ್ಪೆಯ ಮೇಲೆ ನೀಲಿ ದೂಳು. ಬಯ್ಯುತ್ತಾನೆಂದುಕೊಂಡೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಮಗುವಿಗೆ ಮಗ್ಗಿ ತಿದ್ದುವವನ ಹಾಗೆ ಹೇಳಿದ: "ಅಂಗಲ್ಲ ಕಣವ್ವ. ಕೆಮ್ಮು ಇನ್ನೊಸಿ ಉದ್ದ ಐತೆ." ಎಲ್ಲರೂ ಮತ್ತೆ ನಕ್ಕರು. ಅವನೂ ನಕ್ಕ. ಅವ್ವ ಮಾತ್ರ ನಗದೆ, ಚೊಂಬಿನಲ್ಲಿ ಬಿಸಿನೀರು ತಂದು ಅವನ ಕೈಗಿಟ್ಟಳು. ನಾನು ಅವನ ಮಾತನ್ನು ಅಪ್ಪಣೆ ಎಂದುಕೊಂಡೆ. ಕೆಮ್ಮನ್ನು ಉದ್ದ ಮಾಡಿದೆ.

ಮುಂದಿನ ಭಾನುವಾರ ಕಣೇಕಲ್ಲಿನವರೊಂದಿಗೆ ಪಂದ್ಯ, ನಮ್ಮ ಮೈದಾನದಲ್ಲೇ. ಆಟಕ್ಕೆ ಮುಂಚೆ ಹುಡುಗರನ್ನು ಕರೆಯಲು ಮ್ಯಾನೇಜರ್ ಸೀಟಿ ಬಾಯಿಗಿಟ್ಟ. ಊದುವ ಮೊದಲೇ ನಾನು ಬೇಲಿಯ ಕಲ್ಲಿನ ಮೇಲೆ ನಿಂತು "ಪುಸ್ಸ್" ಎಂದೆ. ಪಕ್ಕದವರು ಅಂದರು, ಅವರ ಪಕ್ಕದವರು ಅಂದರು. ಒಂದು ಗಳಿಗೆಗೆ ಇಡೀ ಮೈದಾನ ಪುಸ್ಸ್ ಎಂದಿತು. ನಮ್ಮ ಹನ್ನೊಂದು ಜನರೂ ಹಲ್ಲು ಕಿರಿದರು. ಸಾವಿರ ಜನ ಇದ್ದರೆಂದು ನಾನು ಆಗ ಶಾಲೆಯಲ್ಲಿ ಹೇಳಿಕೊಂಡಿದ್ದೆ, ಇನ್ನೂರು ಇದ್ದಿರಬಹುದು. ಅವನು ಸೀಟಿಯನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡು, ಚಪ್ಪಾಳೆ ತಟ್ಟಿ ಹುಡುಗರನ್ನು ಕರೆದ. ಅದಾದ ಮೇಲೆ ಅವನು ಸೀಟಿ ಊದಿದ್ದನ್ನು ನಾನು ನೋಡಲಿಲ್ಲ.

ಆ ಪಂದ್ಯ ಗೆದ್ದೆವು. ಬುಧವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಮುಂದಿನ ಕೋಣೆ ಖಾಲಿ. ಕಬ್ಬಿಣದ ಪೆಟ್ಟಿಗೆ ಇಲ್ಲ, ಚಾಪೆ ಇಲ್ಲ. ಮೊಳೆಗೆ ಸೀಟಿಯೊಂದು ನೇತಾಡುತ್ತಿತ್ತು, ಅದನ್ನು ನಾನು ಎತ್ತಿಟ್ಟುಕೊಂಡೆ. ಎಲ್ಲಿಗೆ ಹೋದ, ಯಾಕೆ ಹೋದ ಎಂದು ಹೆಂಗಸರು ಮುತ್ತಿಕೊಂಡರೆ ಅವ್ವ "ಊರಿಗೆ ಹೋದ್ರು" ಎಂದಳು, ಅಷ್ಟೇ. ಇನ್ನೂ ಅರ್ಧ ಪಂದ್ಯಗಳು ಬಾಕಿ ಇದ್ದವು. ಭಾನುವಾರ ನೇಮಕಲ್ಲಿನವರು ನಮಗೆ ಐದು ಗೋಲು ಹೊಡೆದರು. ಓಣಿಯಲ್ಲಿ ಸಾವಾದಂತಾಯಿತು. ಬಾಷಾ ಅಣ್ಣನೇ ನಮ್ಮ ಗೋಲ್‌ಕೀಪರ್. ಅವನು ನಮ್ಮ ಕಟ್ಟೆಯ ಮೇಲೆ ಕೂತು ಗ್ಲೌಸು ತೆಗೆದು ಎಸೆದ. "ಹೇಳಿ ಹೋಗಿದ್ರ ಏನಾಗ್ತಿತ್ತು? ನಡುನೀರಾಗ ಕೈ ಬಿಟ್ಟಾನಲ್ಲ" ಎಂದ. ಹುಸೇನಮ್ಮ ನನ್ನ ಕಡೆ ನೋಡಿ, ಅರ್ಧ ನಗುತ್ತ, "ಈಕಿ ಪುಸ್ಸ್ ಅಂದಿದ್ಕ ಬ್ಯಾಸ್ರ ಆಗಿ ಹೋಗಿರ್ಬೇಕು" ಎಂದಳು.

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಬುಧವಾರದಿಂದಲೂ ನನಗೆ ಅದೇ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ಬಾಯಿ ಮುಚ್ಚಿಕೊಳ್ಳುವವರೂ ಇರುತ್ತಾರೆ. ನಾನು ಬಾಯಿ ತೆರೆದೆ. "ಅಯ್ಯ, ನಿಮಗ ಗೊತ್ತೇ ಇಲ್ಲೇನು? ಮಡಕಶಿರಾ ಟೀಮಿನವ್ರು ಕರ್ಕೊಂಡು ಹೋಗ್ಯಾರ. ಸ್ಕೂಟರ್ ಕೊಟ್ಟಾರ. ಫ್ಯಾನಿರೋ ರೂಮು ಕೊಟ್ಟಾರ. ಸೀಟಿ ಊದಾಕ ಬ್ಯಾರೇನೇ ಒಬ್ಬನ್ನ ಇಟ್ಟಾರ!" ಕೊನೆಯ ಮಾತಿಗೆ ನಗು ಬಂತು. ನಗು ಬಂದದ್ದು ನಿಜವಾಗಿಬಿಡುತ್ತದೆ. ಮರುದಿನ ಸಂಜೆಗೆ ಸ್ಕೂಟರ್ ಹೋಗಿ ಜೀಪು ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಮಡಕಶಿರಾದವರ ಅಂಗಿಯಲ್ಲಿ ಕಣ್ಣಾರೆ ಕಂಡವರೇ ನಾಲ್ಕು ಜನ ಹುಟ್ಟಿಕೊಂಡಿದ್ದರು. ಆ ಮಾತು ಕೇಳಿದ ಅವ್ವ ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಂದು, ಯಾರಿಗೋ ಮಾತು ಕೊಟ್ಟವಳಂತೆ ನುಂಗಿಕೊಂಡಳು. ಶನಿವಾರ ಬೆಳಿಗ್ಗೆ, ನೇಮಕಲ್ಲಿನ ಆಂಜನೇಯನಿಗೆ ಹರಕೆ ಇದೆ, ರಾತ್ರಿ ಅಲ್ಲೇ ಇದ್ದು ಬರುತ್ತೇನೆ ಎಂದು ಚೀಲ ಹಿಡಿದು ಹೊರಟಳು.

ಆ ಭಾನುವಾರ ಮಧ್ಯಾಹ್ನ ಮಡಕಶಿರಾದವರೇ ನಮ್ಮಲ್ಲಿಗೆ ಆಡಲು ಬರುವವರಿದ್ದರು. ಅವರು ಬಸ್ಸು ಇಳಿಯುವ ಹೊತ್ತಿಗೆ ಸರಿಯಾಗಿ ಮ್ಯಾನೇಜರಿನ ದಿಷ್ಟಿಬೊಮ್ಮ ಸುಡಬೇಕೆಂದು ತೀರ್ಮಾನವಾಯಿತು. ಬೊಮ್ಮ ಕಟ್ಟಿದ್ದು, ಸುಡಬೇಕೆಂದದ್ದು ಎರಡೂ ನಮ್ಮ ಅಂಗಳದಲ್ಲೇ. ಹೊಟ್ಟೆಗೆ ಕತ್ತರಿಸಿ ಉಳಿದ ಜೀನ್ಸ್ ಚೂರು, ತಲೆಗೆ ದಾರದ ಉಂಡೆ. ಹಳೆಯ ಪ್ಯಾಂಟೊಂದನ್ನು ತೊಡಿಸಿದರೆ ಮೊಣಕಾಲಿಗೇ ನಿಂತಿತು. "ಇದು ಅವನಂಗ ಕಾಣಂಗಿಲ್ಲ" ಎಂದು ಬಾಷಾ ಅಣ್ಣ ಮೊಳೆಯಿಂದ ರಟ್ಟಿನ ನಮೂನೆ ಇಳಿಸಿದ. ಸಿಟ್ಟಿನಲ್ಲೇ ಕತ್ತರಿಸಿದ, ಸಿಟ್ಟಿನಲ್ಲೇ ಹೊಲಿದ, ಆದರೂ ಒಂದು ಹೊಲಿಗೆ ಅತ್ತಿತ್ತ ಆಗಲಿಲ್ಲ. ತೊಡಿಸಿ ಗೋಡೆಗೆ ಒರಗಿಸಿದೆವು. ಸೊಂಟದಿಂದ ಕೆಳಗೆ ಅದು ಅವನೇ. ಹುಸೇನಮ್ಮ ಕೈ ಚಾಚಿ, ಕಾಲಿನ ಹತ್ತಿರ ಉಳಿದಿದ್ದ ಒಂದು ದಾರ ಕತ್ತರಿಸಿದಳು. ರೂಢಿ ಎಲ್ಲಿಗೆ ಹೋಗುತ್ತದೆ? ಬೆಂಕಿಪೊಟ್ಟಣ ಹಿಡಿದವನು ಮುಂದೆ ಬರಲು ಹಿಂದೆಮುಂದೆ ನೋಡಿದ. ಎಲ್ಲರ ಸಿಟ್ಟು ಅಲ್ಲೇ ಆರಿಹೋಗುತ್ತದೆಂದು ನನಗೆ ಗಾಬರಿಯಾಯಿತು. ಆರಿದರೆ ಮತ್ತೆ ಎಲ್ಲರ ಕಣ್ಣು ನನ್ನ ಮೇಲೇ. ಬೊಮ್ಮದ ಪಕ್ಕಕ್ಕೆ ಹಾರಿ ನಿಂತು, ಅವನ ಸೀಟಿಯನ್ನು ಬಾಯಿಗಿಟ್ಟು ಊದಿದೆ. ನನ್ನ ಎದೆ ಗಟ್ಟಿ. ಸೀಟಿ ನಿಲ್ಲಬೇಕಾದ ಕಡೆ ನಿಲ್ಲದೆ ಕಿವಿ ತೂತಾಗುವಂತೆ ಕೂಗಿತು, ಬೇಕೆಂದೇ ಉಸಿರು ಕತ್ತರಿಸಬೇಕಾಯಿತು. ಜನ ನಕ್ಕರು, ಬೊಬ್ಬೆ ಹಾಕಿದರು. ಬೆಂಕಿಪೊಟ್ಟಣದವನು ಕಡ್ಡಿ ತೆಗೆದ. ನಾನು ಮತ್ತೊಮ್ಮೆ ಊದಲು ಉಸಿರೆಳೆದುಕೊಂಡೆ.

ಆಗ ಅವ್ವ ಒಳಗೆ ಬಂದಳು.

ಸೀರೆಗೆಲ್ಲ ಬಸ್ಸಿನ ದೂಳು, ಹೆಗಲಿಗೆ ಚೀಲ. ಚೀಲದಿಂದ ಹಿಪ್ಪುನೇರಳೆ ಸೊಪ್ಪಿನ ಒಂದು ಕುಡಿ ಹೊರಗೆ ಇಣುಕುತ್ತಿತ್ತು. ಅದು ನೇಮಕಲ್ಲಿನ ಪ್ರಸಾದವಲ್ಲ. ಅವಳು ಯಾರನ್ನೂ ಬಯ್ಯಲಿಲ್ಲ, ನನ್ನನ್ನು ನೋಡಲೂ ಇಲ್ಲ. ನೇರ ಬೊಮ್ಮದ ಹತ್ತಿರ ಹೋಗಿ, ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ಹೊಲಿಗೆ ನೋಡಿ, ಸೊಂಟದ ಪಟ್ಟಿಯೊಳಗೆ ಕೈ ಹಾಕಿದಳು.

"ಚೊಲೊ ಹೊಲ್ದಿ ಬಾಷಾ," ಎಂದಳು. "ಸೊಂಟ ಮಾತ್ರ ನಾಕು ಇಂಚು ಒಳಗ ಹಿಡೀಬೇಕು. ಈ ಅಳತಿ ಈಗ ಅವ್ರಿಗೆ ಆಗಂಗಿಲ್ಲ."

ಬಾಷಾ ಅಣ್ಣ ಬೊಮ್ಮದ ಸೊಂಟ ನೋಡಿದ. "ನಾಕು ಇಂಚಾ? ಎಲ್ಲಿ ನೋಡಿದ್ರಿ ಅಕ್ಕ ಅವನ್ನ?"

"ಅವ್ರ ಮನ್ಯಾಗ. ಯಾರಿಗೂ ಹೇಳ್ಬ್ಯಾಡಕ್ಕ, ಹುಡುಗ್ರು ಆಟ ಬಿಡ್ತಾರ ಅಂತ ಕೈ ಮುಗ್ದು ಹೋಗಿದ್ರು. ಅದಕ ಸುಮ್ನಿದ್ದೆ."

"ಮತ್ತ ಮಡಕಶಿರಾ ಟೀಮು…"

"ಯಾವ ಟೀಮೋ? ಕುಂತಲ್ಲಿಂದ ಅಂಗಳ ದಾಟಾಕ ಆಗವಲ್ದು ಅವ್ರಿಗೆ. ಎದಿ ತುಂಬ ದೂಳು."

ಕಡ್ಡಿ ಹಿಡಿದವನ ಕೈ ಕೆಳಗಿಳಿಯಿತು. ಬಾಷಾ ಅಣ್ಣ ಮಗುವಿನ ಬಟ್ಟೆ ತೆಗೆಯುವಷ್ಟು ಮೆಲ್ಲಗೆ ಬೊಮ್ಮದ ಕಾಲಿನಿಂದ ಪ್ಯಾಂಟು ಬಿಚ್ಚಿ, ಹೆಗಲ ಮೇಲೆ ಹಾಕಿಕೊಂಡು ತನ್ನ ಮೆಷಿನ್ನಿನ ಕಡೆ ನಡೆದ. ಮಿಕ್ಕವರು ಒಬ್ಬೊಬ್ಬರಾಗಿ ಹೊರಗೆ ಹೋದರು. ಅವ್ವ ತನ್ನ ಎಂದಿನ ಜಾಗದಲ್ಲಿ ಗೋಡೆಗೊರಗಿ ಕೂತು, ನೆಲದಲ್ಲಿ ಬಿದ್ದಿದ್ದ ಕಟ್ಟರನ್ನು ಎತ್ತಿ ನನ್ನ ಕಡೆ ಚಾಚಿದಳು. "ಆ ಪ್ಯಾಂಟು ಬಂದಮ್ಯಾಲ ದಾರ ನೀನೇ ಕತ್ತರ್ಸು. ಒಂದೂ ಉಳೀಬಾರ್ದು."

ಸೀಟಿ ಇನ್ನೂ ನನ್ನ ಹಲ್ಲುಗಳ ನಡುವೆ ಇತ್ತು. ಉಸಿರು ಬಿಟ್ಟರೆ ಅದು ಕೂಗಿಬಿಡುತ್ತದೆಂದು, ನಾನು ಉಸಿರು ಹಿಡಿದು ನಿಂತಿದ್ದೆ.