ರಟ್ಟಿನ ಹಡಗಿನ ಬಚ್ಚಲ ಬಾಗಿಲು

ಮಗಳು ನಾಲ್ಕನೇ ಗ್ರೇಡಿನಲ್ಲಿದ್ದಾಗ ಶಾಲೆಯಲ್ಲಿ ಹಳೆಯ ಕಾಲದ ಪ್ರಯಾಣಿಕರ ಹಡಗಿನ ಬಗ್ಗೆ ಒಂದು ಪ್ರಾಜೆಕ್ಟ್ ಕೊಟ್ಟರು. ಒಂದೊಂದು ಮಗುವಿಗೆ ಹಡಗಿನ ಒಂದೊಂದು ಭಾಗ. ಅವಳ ಪಾಲಿಗೆ ಬಂದದ್ದು ಈಜುಕೊಳ ಮತ್ತು ಸ್ನಾನದ ಮನೆಗಳು. ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಅಮೇರಿಕಾದ ಎಲಿಕಾಟ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯಲ್ಲಿದ್ದೆವು. ಎರಡು ಬೆಡ್‌ರೂಮು, ಒಂದೇ ಬಾತ್‌ರೂಮು. ಮೈಸೂರಿನಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಅವರನ್ನು ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ.

ಅವರು ಬಂದ ಮೂರನೆಯ ವಾರ ಕೆಳಗಿನ ಮನೆಯ ಹೆಂಗಸು ಬಂದು ಬಾಗಿಲು ತಟ್ಟಿದಳು. ಅವಳ ಬಾತ್‌ರೂಮಿನ ಸೀಲಿಂಗಿನಲ್ಲಿ ಕಾಫಿ ಚೆಲ್ಲಿದ ಹಾಗೆ ಕಲೆ. ಅತ್ತೆ ಟಬ್ಬಿನ ಹೊರಗೆ, ಕಮೋಡಿನ ಪಕ್ಕದ ನೆಲದ ಮೇಲೆ ಬಕೆಟ್ಟು ಇಟ್ಟುಕೊಂಡು ಚೊಂಬಿನಿಂದ ನೀರು ಹೊಯ್ದುಕೊಳ್ಳುತ್ತಿದ್ದರು. ಇಲ್ಲಿ ನೆಲದಲ್ಲಿ ನೀರು ಹೋಗಲು ತೂಬು ಇರುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕಾದವಳು ನಾನು. ಕಾನ್ವೆಂಟಿನಲ್ಲಿ ಬೆಳೆದವಳು, ಹಿರಿಯರ ಹತ್ತಿರ ಸ್ನಾನದ ಮಾತು ಎತ್ತುವುದು ಹೇಗೆಂದು ಸುಮ್ಮನಿದ್ದುಬಿಟ್ಟಿದ್ದೆ.

ಆಮೇಲೂ ಬಾಯಿಬಿಟ್ಟು ಹೇಳಲಿಲ್ಲ. ಬಿಳಿ ಹಾಳೆಗೆ ಕೆಂಪು ಮಾರ್ಜಿನ್ ಎಳೆದು, ಸಿಸ್ಟರುಗಳು ಕಲಿಸಿದ ದುಂಡಗಿನ ಅಕ್ಷರದಲ್ಲಿ ಯಾರ ಸ್ನಾನ ಎಷ್ಟು ಗಂಟೆಗೆ ಎಂದು ಬರೆದು ಬಾತ್‌ರೂಮಿನ ಬಾಗಿಲಿಗೆ ಅಂಟಿಸಿದೆ. ಮೂರು ಸಾಲು ಇಂಗ್ಲಿಷು. ಕೊನೆಯ ಸಾಲು ಮಾತ್ರ ಕನ್ನಡ: ‘ಅಮ್ಮ: ಹತ್ತೂವರೆಯ ನಂತರ.’ ಅತ್ತೆಗೆ ಇಂಗ್ಲಿಷು ಬರುತ್ತಿರಲಿಲ್ಲ. ಮೇಲಿನ ಮೂರು ಸಾಲು ಬರೀ ಶೃಂಗಾರಕ್ಕೆ. ಹಾಳೆ ಇದ್ದದ್ದು ಅವರೊಬ್ಬರಿಗಾಗಿ.

“ಎಲ್ರೂ ಹೊರಟ ಮೇಲೆ ನಿಧಾನವಾಗಿ ಮಾಡ್ಬೋದಲ್ಲಾ ಅಮ್ಮ, ಆಮೇಲೆ ನಾನೂ ನೆಲ ಒರೆಸ್ಕೋತೀನಿ,” ಎಂದೆ.

“ಆಗ್ಲಿ ತಾಯಿ. ನಿಮ್ಮ ಮನೆ ಪದ್ಧತಿ ಹೇಗೋ ಹಾಗೆ,” ಎಂದರು.

ಅತ್ತೆ ಸ್ನಾನ ಮಾಡದೆ ದೇವರ ದೀಪ ಹಚ್ಚುವವರಲ್ಲ, ದೀಪ ಹಚ್ಚದೆ ಕಾಫಿ ಕುಡಿಯುವವರಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಐದಕ್ಕೇ ಎದ್ದು, ಹೆಗಲಿಗೆ ಟವೆಲು ಹಾಕಿಕೊಂಡು ಸೋಫಾದ ಅಂಚಿನಲ್ಲಿ ಕೂರುತ್ತಿದ್ದರು. ನಾವು ಮೂವರೂ ಅವರೆದುರೇ ಕಾಫಿ, ಹಾಲು, ಸೀರಿಯಲ್ ಮುಗಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ಎಂಟೂವರೆಗೆಲ್ಲ ಬಾತ್‌ರೂಮು ಖಾಲಿ. ನನ್ನ ಗಂಡ ಕೆಲಸಕ್ಕೆ, ಮಗಳು ಸ್ಕೂಲ್ ಬಸ್ಸಿಗೆ. ಉಳಿದ ಎರಡು ಗಂಟೆ ನಾನು ಎರಡನೇ ಕಾಫಿ ಬೆರೆಸಿಕೊಂಡು, ಬೆಡ್‌ರೂಮಿನ ಬಾಗಿಲು ಮುಂದೆ ಮಾಡಿ, ಫೋನಿನಲ್ಲಿ ಗೆಳತಿಯರ ಜೊತೆ ಮಾತಾಡುತ್ತಿದ್ದೆ. ಆ ಎರಡು ಗಂಟೆ ನನಗೆ ಬೇಕಾಗಿತ್ತು, ಅಷ್ಟೆ.

ಶನಿವಾರ ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಯಾರೋ ಆಂಟಿ “ಹೇಗಿದೆ ಅಮೇರಿಕಾ?” ಎಂದು ಕೇಳಿದರೆ ಅತ್ತೆ, “ಏನೂ ಕೊರತೆ ಇಲ್ಲಪ್ಪ. ನಲ್ಲಿ ತಿರುಗಿಸಿದ್ರೆ ಬಿಸಿನೀರು,” ಎನ್ನುತ್ತಿದ್ದರು. ನಾನು ಪ್ರಸಾದದ ದೊನ್ನೆ ನೋಡುತ್ತಾ ನಿಲ್ಲುತ್ತಿದ್ದೆ.

ಪ್ರಾಜೆಕ್ಟಿಗೆಂದು ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಮಗಳು ಅಜ್ಜಿಯ ಮಡಿಲಲ್ಲೇ ಹರಡಿಕೊಂಡಳು. ಹಡಗು ಬಂದರು ಬಿಟ್ಟ ಮೇಲೆ ಕೊಳಕ್ಕೆ ಸಮುದ್ರದ ನೀರನ್ನೇ ತುಂಬುತ್ತಿದ್ದರಂತೆ. ಹೆಂಗಸರಿಗೊಂದು ಹೊತ್ತು, ಗಂಡಸರಿಗೊಂದು ಹೊತ್ತು. ಟಬ್ಬಿನಲ್ಲಿ ಸ್ನಾನ ಬೇಕೆಂದವರು ಮೊದಲೇ ಹೇಳಿಟ್ಟರೆ ಆಳು ಬಂದು ಬಾಗಿಲು ತಟ್ಟಿ ‘ನೀರು ಸಿದ್ಧ’ ಎನ್ನುತ್ತಿದ್ದನಂತೆ. ಅದೂ ಉಪ್ಪುನೀರೇ, ಕೊನೆಗೆ ಮೈ ತೊಳೆಯಲು ಒಂದಿಷ್ಟು ಸಿಹಿನೀರು.

“ಇದು ಪೂಲ್, ಅಜ್ಜಿ. ಶಿಪ್ ಒಳಗೇ. ಓನ್ಲಿ ರಿಚ್ ಪೀಪಲ್.”

“ಮತ್ತೆ ಕೆಳಗಡೆ ಇರೋ ಬಡವ್ರು ಎಲ್ಲಿ ಸ್ನಾನ ಮಾಡ್ತಿದ್ರು ಮಗು?”

ಮಗಳು ಪುಟ ತಿರುಗಿಸಿದಳು. “ಎರಡು ಟಬ್, ಅಜ್ಜಿ. ಎಲ್ರಿಗೂ ಬರೀ ಟೂ! ದೇ ಹ್ಯಾಡ್ ಟು ವೇಟ್.”

“ಅಯ್ಯೋ ಪಾಪ,” ಎಂದರು ಅತ್ತೆ. “ಹಸಿವಾಗ್ತಿತ್ತೇನೋ ಅವಕ್ಕೆ.”

ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ಕೇಳಿಸದವಳ ಹಾಗೆ ನಲ್ಲಿ ಬಿಟ್ಟೆ.

ಶಾಲೆಯಲ್ಲಿ ಎಲ್ಲರ ಪ್ರಾಜೆಕ್ಟು ನೋಡಲು ಕರೆದ ಸಂಜೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಮಗಳು ಶೂ ಡಬ್ಬಿಗಳನ್ನು ಒಂದರ ಮೇಲೊಂದು ಅಂಟಿಸಿ ಹಡಗು ಮಾಡಿದ್ದಳು. ಮೇಲಿನ ಡಬ್ಬಿಯಲ್ಲಿ ನೀಲಿ ಸೆಲೋಫೇನಿನ ಕೊಳ. ತಳದ ಡಬ್ಬಿಯಲ್ಲಿ ಬೆಂಕಿಪೆಟ್ಟಿಗೆಯ ಟಬ್ಬು, ಅದಕ್ಕೊಂದು ರಟ್ಟಿನ ಬಾಗಿಲು. ಬಾಗಿಲ ಮೇಲೆ ಉಗುರಿನಷ್ಟು ಕಾಗದ, ಅದಕ್ಕೆ ಕೆಂಪು ಮಾರ್ಜಿನ್ನು. ಸೊಟ್ಟಗಿನ ಕನ್ನಡ: ‘ಅಮ್ಮ: ಹತ್ತೂವರೆಯ ನಂತರ.’ ಹೊರಗೆ ಹತ್ತಿಯ ಕೂದಲಿನ ಪುಟ್ಟ ಗೊಂಬೆ, ಹೆಗಲ ಮೇಲೆ ಟವೆಲು.

ಅದೇನು ಬರೆದಿದೆ ಎಂದು ಟೀಚರು ಕೇಳಿದರು. ಮಗಳು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ, ಇದು ನಮ್ಮಜ್ಜಿಯ ಟೈಮು, ಅವರು ಥರ್ಡ್ ಕ್ಲಾಸು ಎಂದಳು. ಟೀಚರು ನಕ್ಕರು, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಆ ಚೀಟಿಯನ್ನು ನಿಧಾನವಾಗಿ ಓದಿದರು.

“ಎಷ್ಟು ಚೆನ್ನಾಗಿ ಬರ್ದಿದೀಯೆ ನನ್ನ ಬಂಗಾರ! ಒತ್ತು ಕೂಡ ಬಿಟ್ಟಿಲ್ಲ,” ಎಂದು ಮಗಳ ಕೆನ್ನೆ ಸವರಿದರು.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಹಾಳೆ ಕಿತ್ತೆ. ಬಾಗಿಲ ಬಣ್ಣವೂ ನಾಲ್ಕು ಕಡೆ ಕಿತ್ತು ಬಂತು. ಮರುದಿನ ಬೆಳಗ್ಗೆ ಐದಕ್ಕೇ ಎದ್ದು ಬಕೆಟ್ಟು ತುಂಬಿಸಿ ಟಬ್ಬಿನೊಳಗೆ ಇಟ್ಟೆ.

“ಅಮ್ಮ, ಬಿಸಿನೀರು ಬಿಟ್ಟಿದೀನಿ, ಮೊದಲು ನೀವು ಹೋಗಿ.”

“ಬೇಡ ತಾಯಿ. ನನಗೆ ಅಭ್ಯಾಸ ಆಗೋಗಿದೆ. ನೀವು ಹೊರಡೋರು, ಮುಗಿಸ್ಕೊಳ್ಳಿ.”

ಮೂರು ದಿನ ಕರೆದೆ. ಮೂರು ದಿನವೂ ಅದೇ ಉತ್ತರ. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಕಾಲಿಗೆ ಬೀಳಬಹುದಿತ್ತು. ‘ತಪ್ಪಾಯ್ತು’ ಎಂಬ ಒಂದು ಮಾತು ಹೇಳುವ ಬದಲು ಆ ಬಕೆಟ್ಟಿನ ನೀರನ್ನು ನಾನೇ ಹೊಯ್ದುಕೊಂಡೆ. ನಾಲ್ಕನೆಯ ದಿನದಿಂದ ಕರೆಯುವುದನ್ನೂ ಬಿಟ್ಟೆ.

ಅವರು ಊರಿಗೆ ಹೊರಡುವ ದಿನ ಒಂಬತ್ತಕ್ಕೆಲ್ಲ ಏರ್‌ಪೋರ್ಟಿಗೆ ಹೊರಡಬೇಕಿತ್ತು. ನಾನು ದಾರಿಗೆ ಚಪಾತಿ ಸುತ್ತುತ್ತಿದ್ದೆ. ಅತ್ತೆ ಹೆಗಲಿಗೆ ಟವೆಲು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಇವತ್ತೊಂದು ದಿನ ಬೇಗ ಮಾಡ್ಕೊಳ್ಳಲೇನಮ್ಮ ಸ್ನಾನ?”

ಹಾಳೆ ಕಿತ್ತು ತಿಂಗಳಾಗಿತ್ತು. ನಾನು ತಲೆಯಾಡಿಸಿದೆ.

ಅವರು ಹೊರಬಂದ ಮೇಲೆ ಅಭ್ಯಾಸಬಲದಿಂದ ನೆಲ ಒರೆಸುವ ಬಟ್ಟೆ ಹಿಡಿದು ಒಳಗೆ ಹೋದೆ. ಬಕೆಟ್ಟು ಟಬ್ಬಿನೊಳಗೆ ಕವುಚಿಟ್ಟಿತ್ತು, ಅದರ ಮೇಲೆ ಚೊಂಬು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ.